ಕೋರ್ಟಿನ ರಕ್ಷಣಾ ಆದೇಶ ತಗಿಸ್ಬೇಕಂದ್ರ ಏನೇನ್ ಮಾಡ್ಬೇಕು: ಹುಬ್ಬಳ್ಳಿ ಕೋರ್ಟ್ ಕಡೆ ಟೈಪ್ ಮಾಡೋ ಒಬ್ಬಾಕಿ ಹೇಳೋದು

ನಾನು ಹುಬ್ಬಳ್ಳಿ ವಿದ್ಯಾನಗರದ ಕೋರ್ಟ್ ಹತ್ರ ಒಬ್ರು ವಕೀಲ್ರ ಆಫೀಸಿನ್ಯಾಗ ಟೈಪಿಂಗ್ ಮಾಡ್ತೀನ್ರಿ, ಹನ್ನೊಂದ್ ವರ್ಷ ಆತು. ಡಿವಿ ಕೇಸ್ (ಡೊಮೆಸ್ಟಿಕ್ ವಯಲೆನ್ಸ್, ಅಂದ್ರ ಮನ್ಯಾಗಿನ ದೌರ್ಜನ್ಯದ ಕೇಸ್) ಅಂತ ನಾವ್ ಕರಿಯೋ ಅರ್ಜಿ ಎಷ್ಟ್ ಟೈಪ್ ಮಾಡೀನೋ ಲೆಕ್ಕಾ ಇಲ್ಲ. ಕೇಸ್ ಹಾಕೋದ್ ಹೆಂಗ ಅಂತ ಹೇಳೋರು ಬಾಳ ಮಂದಿ ಸಿಗ್ತಾರ, ಆದ್ರ ಆರ್ಡರ್ ಆಗಿ ವರ್ಷ ಆರ್ ತಿಂಗಳು ಕಳದ ಮ್ಯಾಲೆ ಅದನ್ನ ತಗಿಸ್ಬೇಕಂತ ಬರೋರಿಗೆ ನೆಟ್ಟಗ ಹೇಳೋರು ಕಮ್ಮಿ. "ಅಕ್ಕಾರ, ನಾವೀಗ ಚಲೋ ಅದೀವಿ, ದೀಪಾವಳಿಗೆ ಆತ ಮನಿಗೆ ಬಂದಿದ್ದ, ಆ ಕಾಗದ ಹರದ್ ಒಗದ್ರ ಮುಗೀತಲ್ಲ?" ಅಂತ ಕೇಳ್ತಾರ. ಮುಗಿಯಂಗಿಲ್ರಿ. ನಿಮ್ಮ ಕೈಯಾಗಿರೋದು ಬರೇ ನಕಲು, ಆರ್ಡರ್ ಇರೋದು ಕೋರ್ಟಿನ ಫೈಲಿನ್ಯಾಗ ಮತ್ತ ಪೊಲೀಸ್ ಸ್ಟೇಷನ್ನಿನ್ಯಾಗ.

ನಾ ವಕೀಲಳಲ್ಲ, ಮೊದಲ ಹೇಳ್ತೀನಿ. ಆದ್ರ ಟೈಪ್ ಮಾಡಿ ಮಾಡಿ ಎಲ್ಲಿ ಮಂದಿ ಎಡವ್ತಾರ ಅನ್ನೋದು ಗೊತ್ತಾಗೇತಿ, ಅದನ್ನ ಬರಿಯಾಕತ್ತೀನಿ, ಸಹಿ ಮಾಡೋಕಿಂತ ಮುಂಚೆ ಒಬ್ರು ವಕೀಲ್ರಿಗೆ ತೋರಿಸ್ರಿ.

ಒಂದಾಗಿ ಇದ್ರ ಆರ್ಡರ್ ತಾನ ಹೋಗಂಗಿಲ್ಲ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ಕ್ಕ. ಅದರಾಗ ಸೆಕ್ಷನ್ 18ರ ಕೆಳಗ ಆಗೋದು ರಕ್ಷಣಾ ಆದೇಶ, ಅಂದ್ರ ಹೊಡಿಬಾರ್ದು, ಫೋನ್ ಮಾಡ್ಬಾರ್ದು, ಕೆಲಸದ ಜಾಗಕ್ಕ ಬರಬಾರ್ದು ಅನ್ನೋ ಟೈಪಿಂದು. ಇದು ಎಲ್ಲಿ ತನಕ ಇರ್ತೈತಿ ಅಂದ್ರ ಸೆಕ್ಷನ್ 25 ಹೇಳ್ತೈತಿ, ಆ ಹೆಣ್ಮಗಳು ತಾನ ಬಂದು ಇದು ಬ್ಯಾಡ ಅಂತ ಅರ್ಜಿ ಕೊಡೋ ತನಕ. ತಾರೀಖು ಮುಗೀತು, ಆರ್ಡರ್ ಹೋತು ಅನ್ನೋದು ಇಲ್ಲ. ಹಿರಿಯರು ಕುಂತು ರಾಜಿ ಮಾಡಿಸಿದ್ರು, ನೂರ್ ರೂಪಾಯಿ ಸ್ಟ್ಯಾಂಪ್ ಪೇಪರ್ ಮ್ಯಾಲೆ ಇಬ್ರೂ ಸಹಿ ಮಾಡಿದ್ರು, ಊರ ಗೌಡ್ರು ಸಾಕ್ಷಿ ಹಾಕಿದ್ರು ಅಂದ್ರೂ ಹೋಗಂಗಿಲ್ಲ. ಆ ಸ್ಟ್ಯಾಂಪ್ ಪೇಪರ್ ತಂದು ತೋರಿಸೋರನ್ನ ತಿಂಗಳಿಗೆ ಒಬ್ರನ್ನಾದ್ರೂ ನೋಡ್ತೀನಿ, ಪಾಪ ಲ್ಯಾಮಿನೇಷನ್ ಬ್ಯಾರೆ ಮಾಡ್ಸಿರ್ತಾರ.

ಇದ್ಯಾಕ ಮುಖ್ಯ ಅಂದ್ರ ಗಂಡಗೂ ತ್ರಾಸ್ ಐತಿ ಇದರಾಗ. ಆರ್ಡರ್ ಇನ್ನೂ ಇದ್ದಾಗ ಆತ ಮನಿಗೆ ಬಂದು ಇದ್ದ, ಮುಂದ ಮತ್ತ ಜಗಳ ಆತು, ಪೊಲೀಸ್ರು ಬಂದ್ರು ಅಂದ್ರ ಸೆಕ್ಷನ್ 31ರ ಕೇಸ್ ಆಗ್ತೈತಿ. ಒಂದ್ ವರ್ಷದ ತನಕ ಜೈಲು ಇಲ್ಲಾ 20,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಜಾಮೀನು ತಾನ ಸಿಗೋ ಕೇಸಲ್ಲ ಅದು, ಕೋರ್ಟಿನ್ಯಾಗ ಕೇಳ್ಬೇಕು, ಹೆಣ್ಮಗಳ ಹೇಳಿಕಿ ಒಂದ ಮ್ಯಾಲೇನ ಕೋರ್ಟ್ ತೀರ್ಮಾನಕ್ಕ ಬರಬಹುದು ಅಂತ ಕಾಯ್ದೆದಾಗ ಐತಿ. "ಆಕಿನ ಕರದಿದ್ಳ್ ರೀ ಸಾಹೇಬ್ರ" ಅಂದ್ರ ಆರ್ಡರ್ ರದ್ದಾಗಿರಂಗಿಲ್ಲ. ಅದಕ್ಕ ಮೊದಲು ಕೋರ್ಟು, ಆಮ್ಯಾಲೆ ಸಂಸಾರ.

ಮೊದಲ ನಿಮ್ಮ ಆರ್ಡರ್ ಓದಿ ನೋಡ್ರಿ

ನಗು ಬರ್ತೈತಿ ಆದ್ರ ಖರೇನ ಹೇಳ್ತೀನಿ, ತಗಿಸಾಕ ಬಂದೋರಾಗ ಅರ್ಧಕ್ಕರ್ಧ ಮಂದಿ ತಮ್ಮ ಆರ್ಡರಿನ್ಯಾಗ ಏನ್ ಬರದೈತಿ ಅಂತ ಓದಿರಂಗಿಲ್ಲ. ಇಂಗ್ಲಿಷಿನ್ಯಾಗ ಇದ್ರ ಓದಿಸ್ಕೋರಿ. ಕಾಪಿ ಕಳದಿದ್ರ ಕೋರ್ಟಿನ್ಯಾಗ ಕಾಪಿ ಅಪ್ಲಿಕೇಶನ್ ಹಾಕಿ ತಗೋಬಹುದು, ಕೇಸ್ ನಂಬರ್ ನೆನಪಿಲ್ಲಂದ್ರ ಮೊಬೈಲಿನ್ಯಾಗ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಂಡು ಹೆಸರು ಹಾಕಿ ಹುಡುಕ್ರಿ, ನಮ್ಮ ಕಡೆ ಈ ಕೇಸು ಕ್ರಿಮಿನಲ್ ಮಿಸಲೇನಿಯಸ್ ಅಂತ ರಿಜಿಸ್ಟರ್ ಆಗಿರ್ತಾವು. ಸಿಎನ್‌ಆರ್ ನಂಬರ್ ಅಂತ 16 ಅಕ್ಷರದ್ದು ಒಂದ್ ಇರ್ತೈತಿ, ಅದನ್ನ ಬರದಿಟ್ಕೋರಿ, ಮುಂದ ಎಲ್ಲಾ ಅದರ ಮ್ಯಾಲೆ ಸಿಗ್ತೈತಿ. ಯಾವ ಕೋರ್ಟ್ ಆರ್ಡರ್ ಮಾಡಿತ್ತೋ ಅಲ್ಲೇನ ಅರ್ಜಿ ಹಾಕ್ಬೇಕು. ರೋಣದಾಗ ಆರ್ಡರ್ ಆಗಿ ಈಗ ಹುಬ್ಬಳ್ಳ್ಯಾಗ ಇದ್ದೀನಿ ಅಂದ್ರೂ ರೋಣಕ್ಕ ಹೋಗ್ಬೇಕು.

ಓದೋವಾಗ ಮೂರು ನೋಡ್ರಿ. ಒಂದು, ಇದು ಮಧ್ಯಂತರ ಆದೇಶನೋ ಕೊನೀದೋ. ಮಧ್ಯಂತರ ಆಗಿದ್ದು ಮೂಲ ಕೇಸ್ ಇನ್ನೂ ನಡದಿದ್ರ ಕೆಲಸ ಹಗುರ, ಮೂಲ ಅರ್ಜಿನ ವಾಪಸ್ ತಗೋತೀನಿ ಅಂತ ಮೆಮೋ (ಕೋರ್ಟಿಗೆ ಕೊಡೋ ಸಣ್ಣ ಚೀಟಿ) ಹಾಕಿದ್ರ, ಕೋರ್ಟ್ ಒಪ್ಪಿದ್ರ, ಅದರ ಸಂಗಾತ ಮಧ್ಯಂತರದ್ದೂ ಹೋಗ್ತೈತಿ. ಎರಡು, ಗಂಡ ಬರ್ಲಾರದ ಏಕಪಕ್ಷೀಯವಾಗಿ ಆಗಿದ್ದೋ ಹೆಂಗ. ಮೂರನೇದ್ದು ಎಲ್ಲಾಕ್ಕಿಂತ ಮುಖ್ಯ, ಒಂದ ಕಾಗದದಾಗ ಏನೇನ್ ಆರ್ಡರ್ ಕೂಡಿಕೊಂಡಾವು. ಸೆಕ್ಷನ್ 18ರ ರಕ್ಷಣೆ, 19ರ ಮನ್ಯಾಗಿರೋ ಹಕ್ಕು, 20ರ ತಿಂಗಳ ರೊಕ್ಕ, 21ರ ಮಕ್ಕಳ ಸುಪರ್ದಿ, 22ರ ಪರಿಹಾರ, ಎಲ್ಲಾ ಒಂದ ಆರ್ಡರಿನ್ಯಾಗ ಇರಬಹುದು. "ಆರ್ಡರ್ ಪೂರಾ ರದ್ದು ಮಾಡ್ರಿ" ಅಂತ ಒಂದ್ ಲೈನ್ ಬರದ್ರ ಇವಷ್ಟೂ ಹೋಗ್ತಾವು. ಆತ ಮನಿಗೆ ಬರ್ಲಿ ಅಂತ ಬಂದಾಕಿ ಮನಿ ಹಕ್ಕನ್ನ ಕಳಕೊಂಡ್ ಹೋಗೋದು ಹಿಂಗ.

ಪೂರಾ ತಗಿಸ್ಬೇಕೋ, ಬದಲಿ ಮಾಡಿಸ್ಬೇಕೋ

ಇಲ್ಲಿ ಸ್ವಲ್ಪ ನಿಂದರ್ತೀನಿ, ಯಾಕಂದ್ರ ಇದನ್ನ ಹೇಳಾಕನ ಬರಿಯಾಕ ಕುಂತೀನಿ. ಸೆಕ್ಷನ್ 25ರ ಎರಡನೇ ಭಾಗದಾಗ ರದ್ದು ಅಷ್ಟ ಅಲ್ಲ, ಮಾರ್ಪಾಡು ಅನ್ನೋದೂ ಐತಿ. ಪರಿಸ್ಥಿತಿ ಬದಲಾಗೇತಿ ಅಂತ ತೋರಿಸಿದ್ರ ಮ್ಯಾಜಿಸ್ಟ್ರೇಟ್ ಸಾಹೇಬ್ರು ಕಾರಣ ಬರದು ಆರ್ಡರಿನ ಒಂದ್ ತುಂಡು ಅಷ್ಟ ಬದಲಿ ಮಾಡಬಹುದು. ರಕ್ಷಣಾ ಆದೇಶದಾಗ ಬ್ಯಾರೆ ಬ್ಯಾರೆ ಕಟ್ಟಳೆ ಇರ್ತಾವಲ್ರಿ, ಹೊಡಿಬಾರ್ದು ಬೈಬಾರ್ದು ಅನ್ನೋದು ಒಂದು, ಫೋನು ಮೆಸೇಜು ಭೆಟ್ಟಿ ಬ್ಯಾಡ ಅನ್ನೋದು ಒಂದು, ಕೆಲಸದ ಜಾಗ, ಮಕ್ಕಳ ಸಾಲಿ ಹತ್ರ ಬರಬಾರ್ದು ಅನ್ನೋದು ಒಂದು, ಬ್ಯಾಂಕ್ ಖಾತೆ, ಲಾಕರ್, ಸ್ತ್ರೀಧನ, ಆಸ್ತಿ ಮಾರಬಾರ್ದು ಅನ್ನೋದು ಒಂದು. ಆತನ ಕೂಡ ಮಾತಾಡ್ಬೇಕು, ಒಂದ್ ಮನ್ಯಾಗ ಇರ್ಬೇಕು ಅನ್ನೋರಿಗೆ ತೊಡಕಾಗೋದು ಭೆಟ್ಟಿ ಬ್ಯಾಡ, ಮನಿಗೆ ಬರಬ್ಯಾಡ ಅನ್ನೋದಷ್ಟ. ಹೊಡಿಬಾರ್ದು ಅನ್ನೋ ಆರ್ಡರ್ ಇದ್ರ ಸಂಸಾರಕ್ಕ ಏನ್ ಅಡ್ಡಿ ರೀ? ಖರೇನ ಹೊಡ್ಯಂಗಿಲ್ಲ ಅನ್ನೋ ಗಂಡಗ ಅದರಿಂದ ಏನೂ ತ್ರಾಸಿಲ್ಲ. ಅದನ್ನೂ ತಗಿ ಅಂತ ಹಟ ಹಿಡದ್ರ ಯಾಕ ಹಿಡೀತಾನ ಅಂತ ನೀವ ವಿಚಾರ ಮಾಡ್ರಿ.

ಹೋದ ಮಳಿಗಾಲದಾಗ ಕುಂದಗೋಳ ಕಡಿಂದ ಒಬ್ಬಾಕಿ ಬಂದಿದ್ಳು, ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಸಂಗಾತ ಅತ್ತಿ ಮತ್ತ ಅತ್ತಿ ತಮ್ಮ. ಮಾವ ಅನ್ನೋ ಆ ಮನಷ್ಯಾ ಎಲ್ಲಾ ಮಾತು ತಾನ ಆಡ್ತಿದ್ದ, ಆಕಿ ಕೊಡಿ ಹಿಡಕೊಂಡು ನೀರ್ ಸೋರಸ್ಕೊಂತ ಬಾಗಿಲದಾಗ ನಿಂತಿದ್ಳು. ನಮ್ಮ ವಕೀಲ್ರು ಅವರಿಬ್ರನ್ನ ಚಾ ಕುಡದ್ ಬರ್ರಿ ಅಂತ ಹೊರಗ ಕಳಿಸಿದ್ರು. ನಾ ಅಫಿಡವಿಟ್ ಓದಿ ಹೇಳಾಕತ್ತೆ, ಇಂಥಾ ಹೆಸರಿನಾಕಿ, ಇಷ್ಟ್ ವಯಸ್ಸು, ನಾನು ಸ್ವ-ಇಚ್ಛೆಯಿಂದ, ಯಾರ ಒತ್ತಡಕ್ಕೂ ಆಮಿಷಕ್ಕೂ ಒಳಗಾಗದೆ ಈ ಪ್ರಮಾಣಪತ್ರ ಮಾಡುತ್ತಿದ್ದೇನೆ, ಅಂದೆ. ಆಕಿ ಫೋನ್ ನೋಡಿದ್ಳು, ಹದಿನಾಲ್ಕು ಮಿಸ್ ಕಾಲ್ ಇದ್ವು, ಹೊರಗ ನಿಂತ ಮಾವಂದ ಆಗಿರಬೇಕು ಅರ್ಧ. "ಅಕ್ಕಾರ, ಆ ಲೈನ್ ಒಂದ್ ಬಿಟ್ಟು ಬಾಕಿ ಟೈಪ್ ಮಾಡ್ರಲಾ" ಅಂದ್ಳು.

ನಾ ಕೀಬೋರ್ಡಿಂದ ಕೈ ತಗದೆ. ಆ ಲೈನ್ ಬಿಟ್ಟು ಅಫಿಡವಿಟ್ ಆಗಂಗಿಲ್ರಿ. ವಕೀಲ್ರು ಆಕಿನ್ನ ಕುಂದರಿಸಿ ಕೇಳಿದ್ರು, ಗಂಡ ಮನಿಗೆ ಬರೋದು ಬೇಕಾ? ಬೇಕ್ರಿ, ಹುಡುಗ ಅಪ್ಪಾ ಅಪ್ಪಾ ಅಂತಾನ. ಹಂಗಾರ ಬ್ಯಾಡಾಗಿದ್ದು ಏನು? ಆಕಿಗೆ ಬ್ಯಾಡಾಗಿದ್ದು ಏನೂ ಇರ್ಲಿಲ್ಲ, ಪೂರಾ ತಗಿಬೇಕು ಅಂದೋರು ಮಾವ. ಕಡೀಕ ನಾ ಟೈಪ್ ಮಾಡಿದ್ದು ರದ್ದತಿ ಅರ್ಜಿ ಅಲ್ಲ, ಮಾರ್ಪಾಡು ಅರ್ಜಿ, ಮನಿಗೆ ಬರಬಾರ್ದು ಮತ್ತ ಮಾತಾಡ್ಬಾರ್ದು ಅನ್ನೋ ಎರಡ ಕಟ್ಟಳೆ ತಗಿರಿ, ಬಾಕಿ ಇರ್ಲಿ ಅಂತ. ಆ ಲೈನ್ ಇದ್ದ ಅಫಿಡವಿಟ್ಟಿಗೆನ ಆಕಿ ಸಹಿ ಮಾಡಿದ್ಳು. ಮಾವ ಚಾ ಕುಡದ್ ಬಂದ ಮ್ಯಾಲೆ ಒಂದೀಟು ಜಿಗದಾಡಿದ, ಆಡ್ಲಿ.

ನಿಮಗೂ ಹಿಂಗ ಒತ್ತಡ ಇದ್ರ ಕೋರ್ಟಿನ್ಯಾಗ ಬಾಯಿ ಬಿಟ್ಟು ಹೇಳಬಹುದು. ಸೆಕ್ಷನ್ 16 ಅಂತ ಐತಿ, ಸಾಹೇಬ್ರು ಎಲ್ಲಾರನ್ನೂ ಹೊರಗ ಕಳಿಸಿ ಮುಚ್ಚಿದ ಬಾಗಿಲಿನ್ಯಾಗ ಕೇಸ್ ನಡಿಸಬಹುದು. ಕೇಳ್ಕೊಂಡ್ರ ಆತು, ಇಲ್ಲಾ ವಕೀಲ್ರ ಕಡಿಂದ ಹೇಳಿಸ್ರಿ.

ಈಗ ಅರ್ಜಿ

ಇದಕ್ಕ ಇಂಥಾದ್ದ ಫಾರ್ಮ್ ಅಂತ ಗೊತ್ತುಮಾಡಿಲ್ಲ, ಸಾದಾ ಅರ್ಜಿನ. ಮ್ಯಾಲೆ ಕೋರ್ಟಿನ ಹೆಸರು, ಕೇಸ್ ನಂಬರು, ಅರ್ಜಿದಾರಳು ಯಾರು ಎದುರುದಾರರು ಯಾರು, ಸೆಕ್ಷನ್ 25ರ ಮೇರೆಗೆ ಅರ್ಜಿ ಅಂತ. ಒಳಗ ಯಾವ ತಾರೀಖಿನ ಆರ್ಡರು, ಅದರಾಗ ಎಷ್ಟನೇ ಕಲಂ ಬದಲಾಗ್ಬೇಕು, ಆರ್ಡರ್ ಆದ ಮ್ಯಾಲೆ ಏನ್ ಬದಲಾತು. ಈ ಕೊನೀದ್ದನ್ನ ಎರಡ್ ಮೂರ್ ಲೈನಿನ್ಯಾಗ ಗಟ್ಟಿ ಬರೀರಿ. "ಮನಸ್ಸು ಒಂದಾಗಿದೆ" ಅಂತ ಬರದ್ರ ಸಾಹೇಬ್ರಿಗೆ ಏನ್ ತಿಳೀಬೇಕು? ಗಂಡ ಕುಡಿಯೋದು ಬಿಡಿಸೋ ಚಿಕಿತ್ಸಾ ತಗೊಂಡಾನ, ಚೀಟಿ ಐತಿ, ಮೂರು ತಿಂಗಳಿಂದ ರೊಕ್ಕ ತಪ್ಪದ ಹಾಕ್ಯಾನ, ಪಾಸ್‌ಬುಕ್ ಐತಿ, ಕೌನ್ಸೆಲಿಂಗ್‌ಗೆ ಇಬ್ರೂ ಹೋಗಿದ್ವಿ, ಹಿಂಗ ಬರೀರಿ. ಕಾಗದ ಏನಿದ್ರೂ ಜೋಡಿ ಹಚ್ರಿ. ಕೆಳಗ ಪ್ರಾರ್ಥನೆ ಅಂತ, ಯಾವ ಕಟ್ಟಳೆ ತಗಿಬೇಕು, ಯಾವುದು ಮುಂದುವರೀಬೇಕು ಅಂತ ಎರಡನ್ನೂ ಬಿಡಿಸಿ. "ಉಳಿದ ಆದೇಶಗಳು ಯಥಾಪ್ರಕಾರ ಮುಂದುವರಿಯತಕ್ಕದ್ದು" ಅನ್ನೋ ಲೈನ್ ಟೈಪಿಸ್ಟ್ ಮರತಿದ್ರ ನೀವ ನೆನಪು ಮಾಡ್ರಿ, ನಮ್ಮಂಥೋರು ಹಳೇ ಫೈಲಿಂದ ಕಾಪಿ ಪೇಸ್ಟ್ ಮಾಡ್ತೀವಿ, ಸುಳ್ ಯಾಕ ಹೇಳ್ಲಿ.

ಅದರ ಸಂಗಾತ ಅಫಿಡವಿಟ್ಟು, ಆಧಾರ್ ಝೆರಾಕ್ಸು, ಮೂಲ ಆರ್ಡರಿನ ಕಾಪಿ. ವಕೀಲ್ರು ಹೊಸಬ್ರು ಇದ್ರ ವಕಾಲತ್ತು. ರೊಕ್ಕಿಲ್ಲ ಅಂತ ಹಿಂದ ಸರೀಬ್ಯಾಡ್ರಿ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ ಆದಾಯ ಎಷ್ಟರ ಇರ್ಲಿ ವಕೀಲ್ರನ್ನ ಪುಕ್ಕಟ ಕೊಡ್ತಾರ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕೋರ್ಟಿನ್ಯಾಗ ಆಫೀಸ್ ಐತಿ, ತಾಲೂಕಿನ್ಯಾಗ ಸಮಿತಿ ಇರ್ತೈತಿ, ಫೋನ್ 15100. ನಿಮ್ಮ ಮೊದಲಿನ ಅರ್ಜಿ ಸಂರಕ್ಷಣಾಧಿಕಾರಿ ಕಡಿಂದ ಹೋಗಿದ್ರ, ಅಂದ್ರ ತಾಲೂಕಿನ ಸಿಡಿಪಿಓ ಆಫೀಸಿಂದ, ಅಲ್ಲಿಗೂ ಒಂದ್ ಮಾತು ಹೇಳ್ರಿ, ಸಾಹೇಬ್ರು ಅವರ ಕಡಿಂದ ವರದಿ ಕೇಳಿದ್ರ ಗೊಂದಲ ಆಗಬಾರ್ದು.

ಹಿಯರಿಂಗ್ ದಿನ

ಅರ್ಜಿ ಹಾಕಿದ ದಿನನ ಆರ್ಡರ್ ಆಗ್ತೈತಿ ಅಂತ ಎತ್ತಿಟ್ಕೊಂಡ್ ಬರಬ್ಯಾಡ್ರಿ. ಎದುರಿನವ್ರಿಗೆ ನೋಟಿಸ್ ಹೋಗ್ಬೇಕಾಗ್ತೈತಿ, ಇಬ್ರೂ ಒಂದ ದಿನ ಬಂದ್ರ ಲಗೂ ಮುಗೀತೈತಿ, ಕೆಲವೊಮ್ಮೆ ಮೀಡಿಯೇಷನ್ನಿಗೆ ಇಲ್ಲಾ ಸೆಕ್ಷನ್ 14ರ ಕೌನ್ಸೆಲಿಂಗ್‌ಗೆ ಕಳಿಸ್ತಾರ. ಹೆಸರು ಕೂಗೋದು ಹನ್ನೊಂದಕ್ಕೂ ಆಗಬಹುದು ನಾಕಕ್ಕೂ ಆಗಬಹುದು, ಹಳ್ಳಿಯಿಂದ ಬರೋರು ಡಬ್ಬಿ ಕಟ್ಕೊಂಡ್ ಬರ್ರಿ. ಕಾಸ್ ಲಿಸ್ಟಿನ್ಯಾಗ, ಅಂದ್ರ ಆ ದಿನದ ಕೇಸಿನ ಪಟ್ಟಿಯಾಗ, ನಿಮ್ಮದು ಎಷ್ಟನೇದ್ದು ಅಂತ ಬೆಳಿಗ್ಗೇನ ನೋಡ್ಕೊಂಡು ಹೊರಗ ಕುಂದರ್ರಿ, ಬಾಗಿಲ ಬಿಟ್ಟು ದೂರ ಹೋಗಬ್ಯಾಡ್ರಿ. ಸಣ್ಣ ಮಕ್ಕಳನ್ನ ತವರಮನ್ಯಾಗ ಬಿಟ್ಟು ಬಂದ್ರ ಚಲೋ.

ಒಳಗ ಸಾಹೇಬ್ರು ನಿಮ್ಮನ್ನ ಕೇಳೋದು ಹೆಚ್ಚಾಗಿ ಇವ: ಈ ಅರ್ಜಿ ನೀವ ಹಾಕೀರಾ, ಇದರಾಗ ಏನೈತಿ ಗೊತ್ತಾ, ಯಾರರ ಅಂಜಿಸ್ಯಾರಾ, ಈಗ ಎಲ್ಲಿ ಇರ್ತೀರಿ, ಆರ್ಡರ್ ಆದ ಮ್ಯಾಲೆ ಹೊಡದಾನಾ. ಕನ್ನಡದಾಗ ಕೇಳ್ತಾರ, ನಮ್ಮ ಭಾಷಾದಾಗ ಹೇಳ್ರಿ, ವಕೀಲ್ರು ಕಲಿಸಿದ ಪಾಠ ಒಪ್ಪಿಸಬ್ಯಾಡ್ರಿ. ಹೊಡದಿದ್ರ ಹೊಡದಾನ ಅಂತನ ಹೇಳ್ರಿ.

ತಿಂಗಳ ರೊಕ್ಕದ ಬಾಕಿ ಇದ್ರ ಅದನ್ನ ಮುಗಿಸದ ರದ್ದತಿಗೆ ಹೋಗಬ್ಯಾಡ್ರಿ. ಎಷ್ಟು ಬಾಕಿ, ಎಂದು ಕೊಡ್ತಾನ ಅಂತ ಜಂಟಿ ಮೆಮೋದಾಗ ಬರಸ್ರಿ. ಕೆಲವು ಆರ್ಡರಿನ್ಯಾಗ ಗಂಡ ದುಡಿಯೋ ಕಂಪನಿಗೇನ ಪಗಾರದಾಗ ಕಡದು ಹೆಂಡ್ತಿಗೆ ಕೊಡ್ರಿ ಅಂತ ಇರ್ತೈತಿ, ಸೆಕ್ಷನ್ 20ರ ಪ್ರಕಾರ. ಅದನ್ನ ಬದಲಿ ಮಾಡಿಸಿದ್ರ ಕಂಪನಿಗೂ ಹೊಸಾ ಆರ್ಡರ್ ಮುಟ್ಟಿಸ್ಬೇಕು.

ಗಂಡಂದ್ರು ಕೇಳೋ ಮಾತು

ನಮ್ಮ ಆಫೀಸಿಗೆ ಗಂಡಸ್ರೂ ಬರ್ತಾರ, ಅವರಿಗೂ ಒಂದೀಟು. ಎದುರುದಾರನೂ ಸೆಕ್ಷನ್ 25ರ ಎರಡನೇ ಭಾಗದಾಗ ಅರ್ಜಿ ಹಾಕಬಹುದು. ಆದ್ರ 2024ರ ಸೆಪ್ಟೆಂಬರ್‌ದಾಗ ಸುಪ್ರೀಂ ಕೋರ್ಟಿನ್ಯಾಗ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ನಮ್ಮ ಕರ್ನಾಟಕದ್ದ ಒಂದು ಕೇಸಿನ್ಯಾಗ ಸ್ಪಷ್ಟ ಹೇಳೇತಿ: ಪರಿಸ್ಥಿತಿ ಬದಲಾಗಿದ್ದು ಆರ್ಡರ್ ಆದ ಮ್ಯಾಲಿಂದ ಇರ್ಬೇಕು, ಮುಂಚಿಂದು ನಡ್ಯಂಗಿಲ್ಲ, ಮತ್ತ ಬದಲಾವಣೆ ಮುಂದಕ್ಕಷ್ಟ ಲಾಗೂ, ಕೊಟ್ಟ ರೊಕ್ಕ ವಾಪಸ್ ಕೊಡ್ಸ್ರಿ ಅನ್ನಾಕ ಬರಂಗಿಲ್ಲ. ಆರ್ಡರ್ ಮಾಡಿದ್ದ ತಪ್ಪು ಅನ್ನೋರು 25 ಅಲ್ಲ, ಸೆಕ್ಷನ್ 29ರ ಪ್ರಕಾರ ಸೆಷನ್ಸ್ ಕೋರ್ಟಿಗೆ ಅಪೀಲ್ ಹೋಗ್ಬೇಕು, ಆರ್ಡರ್ ಮುಟ್ಟಿದ 30 ದಿನದೊಳಗ.

ಇನ್ನೊಂದು, ಆಕಿ ಸಹಿ ಬೇಕಂತ ನೀವ ಆಕಿ ಮನಿಗೆ ಹೋಗೋದು, ವಾಟ್ಸಾಪ್ ಮಾಡೋದು, ದೋಸ್ತ್ರ ಕಡಿಂದ ಹೇಳಿ ಕಳಿಸೋದು ಮಾಡಬ್ಯಾಡ್ರಿ. ಯಾವ ರೀತಿಲೂ ಸಂಪರ್ಕ ಬ್ಯಾಡ ಅಂತ ಆರ್ಡರ್ ಇದ್ರ, ಅದನ್ನ ತಗಿಸ್ತೀನಿ ಅಂತ ಮಾಡಿದ ಫೋನ್ ಕಾಲ್‌ನಿಂದನ ಸೆಕ್ಷನ್ 31 ಬೀಳ್ತೈತಿ. ಹಂಗ ಬಿದ್ದ ಒಬ್ಬ ಹಾವೇರಿ ಕಡೆ ಹುಡುಗನ್ನ ನೋಡೀನಿ, ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಹಮಾಲಿ ಮಾಡ್ತಿದ್ದ, ಜಾಮೀನಿಗೆ ಓಡಾಡೋದ್ರಾಗ ಮೆಣಸಿನಕಾಯಿ ಸೀಸನ್ನ ಮುಗದಿತ್ತು. ವಕೀಲ್ರಿಂದ ವಕೀಲ್ರಿಗೆ ಹೋಗ್ಲಿ ಮಾತು.

ಇದು ಹೋದ್ರ ಎಲ್ಲಾ ಕೇಸ್ ಹೋಗ್ತಾವು ಅನ್ಕೋಬ್ಯಾಡ್ರಿ

ಬಾಳ ಮಂದಿ ಡಿವಿ ಮತ್ತ 498ಎ (ಗಂಡ, ಗಂಡನ ಮನಿಯವ್ರ ಕ್ರೌರ್ಯಕ್ಕ ಹಳೇ ಐಪಿಸಿದಾಗಿದ್ದ ಸೆಕ್ಷನ್) ಎರಡೂ ಒಂದ ಅಂತ ತಿಳ್ಕೊಂಡಿರ್ತಾರ. ಸ್ಟೇಷನ್ನಿನ್ಯಾಗ ಎಫ್ಐಆರ್ ಆಗಿದ್ದು ಬ್ಯಾರೆ, 2024ರ ಜುಲೈ 1ರ ನಂತರ ನಡದ ಘಟನಾ ಇದ್ರ ಅದು ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 85. ಈ ಕೇಸು ನಮ್ಮ ರಾಜ್ಯದಾಗ ಇಬ್ರೂ ರಾಜಿ ಆದ್ವಿ ಅಂತ ಕೆಳಗಿನ ಕೋರ್ಟಿನ್ಯಾಗ ಮುಗಿಸಾಕ ಬರಂಗಿಲ್ಲ, ಹೈಕೋರ್ಟಿಗೆ ಹೋಗಿ ರದ್ದು ಮಾಡಿಸ್ಬೇಕು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 528, ಮುಂಚೆ ಸಿಆರ್‌ಪಿಸಿ 482 ಅಂತಿದ್ರು. ಅದಕ್ಕ ಬೆಂಗ್ಳೂರಿಗೆ ಹೋಗೋ ಜರೂರಿಲ್ಲ, ನಮ್ಮ ಮೂರೂ ಜಿಲ್ಲೆಗೆ ಹೈಕೋರ್ಟಿನ ಧಾರವಾಡ ಪೀಠನ ಐತಿ, ಧಾರವಾಡ ಕಡೆ ಬೇಲೂರ ಹತ್ರ, ಹಾಸನದ ಬೇಲೂರಲ್ಲ. ಆರ್ಡರ್ ಮುರಿದಿದ್ದಕ್ಕ ಸೆಕ್ಷನ್ 31ರ ಕೇಸ್ ಮೊದಲ ಆಗಿದ್ರ ಅದೂ ಬ್ಯಾರೆ ನಡೀತೈತಿ. ಫ್ಯಾಮಿಲಿ ಕೋರ್ಟಿನ್ಯಾಗ ಡೈವೋರ್ಸ್, ಜೀವನಾಂಶ ಏನರ ಇದ್ರ ಅಲ್ಲಿನೂ ಈ ಆರ್ಡರ್ ಬದಲಾಗಿದ್ದು ತಿಳಿಸ್ರಿ, ಮುಚ್ಚಿಡಬ್ಯಾಡ್ರಿ.

ಆರ್ಡರ್ ಆದ ಮ್ಯಾಲೆ

ಇಲ್ಲೇನ ಎಲ್ಲಾರೂ ಸಡ್ಲ ಬಿಡೋದು, ಸಾಹೇಬ್ರು "ಅಲೌಡ್" ಅಂದ ಕೂಡ್ಲೇ ಬಸ್ ಹತ್ತಿ ಹೋಗಿಬಿಡ್ತಾರ. ಹೊಸಾ ಆರ್ಡರಿನ ಕಾಪಿ ತಗೋರಿ, ಸೆಕ್ಷನ್ 24ರ ಪ್ರಕಾರ ನಿಮಗ ಒಂದು ಪುಕ್ಕಟ ಕೊಡ್ಬೇಕು, ಇನ್ನೆರಡು ಕಾಪಿ ಅಪ್ಲಿಕೇಶನ್ ಹಾಕಿ ತಗೋರಿ. ಕೋರ್ಟಿಂದ ಸ್ಟೇಷನ್ನಿಗೂ ಕಳಿಸ್ಬೇಕು, ಕಳಿಸ್ತಾರ, ಆದ್ರ ಅದು ಎಂದು ಮುಟ್ತೈತೋ ಅಂತ ಕುಂದ್ರೋ ಬದ್ಲಿ ನೀವ ಒಂದು ಒಯ್ದು ಕೊಡ್ರಿ. ಆ್ಯಪಿನ್ಯಾಗ ಸಿಎನ್‌ಆರ್ ಹಾಕಿ ಅರ್ಜಿ ಡಿಸ್ಪೋಸ್ ಆಗೇತಿ ಅಂತ ಬಂತೋ ಇಲ್ಲೋ ನೋಡ್ರಿ.

ಹಳೇ ಆರ್ಡರು, ದವಾಖಾನಿ ಚೀಟಿ, ಫೋಟೋ, ಮೆಸೇಜಿನ ಸ್ಕ್ರೀನ್‌ಶಾಟ್ ಯಾವುದನ್ನೂ ಸುಡಬ್ಯಾಡ್ರಿ, ಡಿಲೀಟ್ ಮಾಡಬ್ಯಾಡ್ರಿ. ಒಂದ್ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ತವರಮನಿ ಟ್ರಂಕಿನ್ಯಾಗ ಇಡ್ರಿ, ಗಂಡನ ಮನಿ ಕಪಾಟಿನ್ಯಾಗ ಅಲ್ಲ. ಮತ್ತ ಹೊಸದಾಗಿ ಏನರ ನಡದ್ರ ಹೊಸಾ ಅರ್ಜಿ ಹಾಕಾಕ ಬರ್ತೈತಿ, ಒಮ್ಮೆ ತಗಿಸೀನಿ ಅಂತ ಬಾಯಿ ಮುಚ್ಕೊಂಡ್ ಇರ್ಬೇಕಾಗಿಲ್ಲ. ಆ ಹೊತ್ತಿಗೆ 112, ಮಹಿಳಾ ಸಹಾಯವಾಣಿ 181, ಎರಡೂ ನಂಬರ್ ಮಗ್ಗಲ ಮನ್ಯಾಕಿ ಫೋನಿನ್ಯಾಗೂ ಇರ್ಲಿ.

ಸ್ಟೇಷನ್ನಿಗೆ ಕಾಪಿ ಕೊಟ್ಟಾಗ ನಿಮ್ಮ ಕಾಪಿ ಮ್ಯಾಲೆ ತಾರೀಖು ಹಾಕಿ ಸೀಲ್ ಒತ್ತಿಸ್ಕೊಂಡ್ ಬರ್ರಿ, ನಾಳೆ ಬಾ ಅಂದ್ರ ನಾಳೆ ಹೋಗ್ರಿ. ಆ ಸೀಲ್ ಬಿದ್ದ ಮ್ಯಾಲೆನ ಆತ ಬ್ಯಾಗ್ ತಗೊಂಡು ಮನಿಗೆ ಬರ್ಲಿ, ಅದಕ್ಕಿಂತ ಒಂದ್ ದಿನ ಮುಂಚೆನೂ ಬ್ಯಾಡ.